ಕೊನೆಯ ಪಾಲು ಬೀಳುವ ತನಕ

ಬಾಡ ಊರಿನ ಗಂಗಿಯ ಹತ್ತಿರ ಮೀನಿಗೆ ಚೌಕಾಶಿ ಮಾಡುವ ಧೈರ್ಯ ಕುಮಟೆಯ ಪೇಟೆಯಲ್ಲಿ ಹೆಚ್ಚಿನವರಿಗಿಲ್ಲ. ಹೊಸಬರು ಯಾರಾದರೂ ಬಂಗಡೆಯ ಕಿವಿರು ಎತ್ತಿ ನೋಡಿ, ಮೂಗು ಮುರಿದು, "ನಿನ್ನೆದಾ?" ಎಂದು ಕೇಳಿದರೆ ಸಾಕು, ಅವಳು ಆ ಮೀನನ್ನು ಅವರ ಕೈಯಿಂದ ಕಿತ್ತುಕೊಂಡು ಬುಟ್ಟಿಗೆ ಹಾಕಿ, "ಇದು ನಿಮ್ಗಲ್ಲ, ಮುಂದೆ ಹೋಗಿ" ಎಂದುಬಿಡುತ್ತಾಳೆ. ಅವಳ ಬಾಯಿಗೆ ಹೆದರಿ ಪಕ್ಕದ ಮೀನಿನವರೂ ತಮ್ಮ ಬುಟ್ಟಿಯನ್ನು ಗೇಣುದ್ದ ಆಚೆಗೇ ಇಟ್ಟುಕೊಳ್ಳುತ್ತಾರೆ. ಇಷ್ಟೊಂದು ಸಿಟ್ಟು ಎಲ್ಲಿಂದ ಬಂತು ಎಂದು ಯಾರೂ ಕೇಳಿದ್ದಿಲ್ಲ. ಕೇಳಬೇಕಿತ್ತು.

ಅವಳ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮೀನಿಗೆ ಬೇಕಾದದ್ದಕ್ಕಿಂತ ಹೆಚ್ಚು ಐಸ್ ಇರುತ್ತದೆ. ಹೆಚ್ಚಿನದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯೇ ಕಟ್ಟಿ ಮೂಲೆಯಲ್ಲಿ ಇಟ್ಟಿರುತ್ತಾಳೆ. ಮಧ್ಯಾಹ್ನದ ಬಿಸಿಲಿಗೆ ಮೀನಿನ ಐಸ್ ಕರಗಿ ನೀರಾದರೂ ಆ ಕವರಿಗೆ ಕೈ ಹಾಕುವುದಿಲ್ಲ. ಅದು ಮಗ ಸಂಜಯನ ಮಂಡಿಯದು.

ಸಂಜಯನಿಗೆ ಹದಿನೇಳು ತುಂಬಿದೆ, ಪಿಯುಸಿ ಓದುತ್ತಿದ್ದಾನೆ. ಅವನಿಗಿರುವುದು ಹಿಮೋಫಿಲಿಯಾ, ರಕ್ತ ಹೆಪ್ಪುಗಟ್ಟದ ಕಾಯಿಲೆ. ಎಲ್ಲರ ಮೈಯಲ್ಲೂ ಗಾಯವಾದರೆ ರಕ್ತ ತಾನಾಗಿ ನಿಲ್ಲುತ್ತದಲ್ಲ, ಅವನದು ನಿಲ್ಲುವುದಿಲ್ಲ. ಬಿದ್ದು ಪೆಟ್ಟಾಗಬೇಕೆಂದೂ ಇಲ್ಲ. ಸ್ವಲ್ಪ ಹೆಚ್ಚು ನಡೆದರೆ, ಮೆಟ್ಟಿಲು ಹತ್ತಿದರೆ, ಮಂಡಿಯ ಒಳಗೇ ರಕ್ತ ಸೋರಿ ತುಂಬಿಕೊಳ್ಳುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಮಂಡಿ ತೆಂಗಿನಕಾಯಿಯಷ್ಟು ಊದಿ, ಮುಟ್ಟಿದರೆ ಬಿಸಿ ಹತ್ತಿ, ಹುಡುಗ ಹಲ್ಲು ಕಚ್ಚಿ ಮಲಗುತ್ತಾನೆ. ಅದಕ್ಕೊಂದು ಚುಚ್ಚುಮದ್ದಿದೆ. ಕೂಡಲೇ ಕೊಟ್ಟರೆ ಮಂಡಿ ಉಳಿಯುತ್ತದೆ. ತಡವಾದಷ್ಟೂ ಕೀಲು ಒಳಗೊಳಗೇ ಕೆಡುತ್ತದೆ, ಮತ್ತೆ ಸರಿಯಾಗುವುದಿಲ್ಲ.

ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ ಇದು ಎಂದು ಡಾಕ್ಟರು ಹೇಳಿದ ದಿನದಿಂದ ಅತ್ತೆ ದುರ್ಗಿಗೆ ಒಂದು ಮಾತು ಸಿಕ್ಕಿಬಿಟ್ಟಿತು. ಸಂಜಯ ಮಲಗಿದಾಗಲೆಲ್ಲ ಅಡುಗೆಮನೆಯಿಂದಲೇ, "ನಮ್ಮ ವಂಶದಲ್ಲಿ ಇಂಥದ್ದು ಇರ್ಲಿಲ್ಲಪ್ಪ, ಇದು ಮಾವಳ್ಳಿಯಿಂದ ಬಂದದ್ದು" ಎನ್ನುತ್ತಾಳೆ. ಮಾವಳ್ಳಿ ಗಂಗಿಯ ತವರು. ಪೇಟೆಯವರಿಗೆಲ್ಲ ಎದುರುತ್ತರ ಕೊಡುವ ಗಂಗಿ ಈ ಮಾತಿಗೆ ಮಾತ್ರ ಉತ್ತರ ಕೊಡುವುದಿಲ್ಲ. ಅದು ಸುಳ್ಳಲ್ಲವಲ್ಲ.

ಮಾವಳ್ಳಿಯಲ್ಲಿ ಅವಳಿಗೊಬ್ಬ ತಮ್ಮ ಇದ್ದ, ಮಾಸ್ತಿ. ಹತ್ತು ವರ್ಷದವನಿದ್ದಾಗ ಅವನ ಅಲ್ಲಾಡುವ ಹಲ್ಲೊಂದು ಉದುರಿತು. ಹುಡುಗ ಸಂಭ್ರಮದಿಂದ ಅದನ್ನು ಮಾಡಿನ ಮೇಲೆ ಎಸೆದು ಬಂದ. ಬಾಯಲ್ಲಿ ರಕ್ತ ಮಾತ್ರ ನಿಲ್ಲಲಿಲ್ಲ. ಅರಿಶಿನ ಒತ್ತಿದರು, ಹತ್ತಿ ಇಟ್ಟರು, ದೇವರಿಗೆ ಕಾಣಿಕೆ ಕಟ್ಟಿದರು. ಭಟ್ಕಳದ ಆಸ್ಪತ್ರೆಗೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ. ಅಪ್ಪ ಕಡಲಿಗೆ ಹೋಗಿದ್ದ. "ನಾಳೆ ನಿಮ್ಮಪ್ಪ ಬರ್ಲಿ, ಕರ್ಕಂಡು ಹೋಗುವ" ಎಂದಳು ತಾಯಿ. ಮರುದಿನವೂ ಹಾಗೇ ಅಂದಳು. ಮೂರನೆಯ ದಿನ ಅಪ್ಪ ಬಂದ, ಭಟ್ಕಳದ ಬಸ್ಸೂ ಬಂತು. ಮಾಸ್ತಿ ಅದೇ ಬಸ್ಸಿನಲ್ಲಿ ತಾಯಿಯ ಮಡಿಲಲ್ಲಿ ಹೋಗಿಬಿಟ್ಟ. ಗಂಗಿಗೆ ಆಗ ಹನ್ನೆರಡು. ತಮ್ಮನನ್ನು ಕೊಂದದ್ದು ರಕ್ತವಲ್ಲ, ಆ "ನಾಳೆ" ಎಂಬುದು ಅವಳಿಗೆ ಆ ವಯಸ್ಸಿನಲ್ಲೇ ತಿಳಿದುಹೋಯಿತು.

ಆದರೆ ತಿಳಿದು ಮಾಡುವುದೇನು? ಚುಚ್ಚುಮದ್ದು ಸರಕಾರದ್ದೇ, ಪುಕ್ಕಟೆ. ಅದು ಸಿಗುವುದು ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲಿ. ಊದಿದ ಮಂಡಿಯ ಹುಡುಗನನ್ನು ಬಸ್ಸಿಗೆ ಹತ್ತಿಸಲು ಆಗುವುದಿಲ್ಲ, ರಿಕ್ಷಾ ಮಾಡಬೇಕು, ಕಾರು ಮಾಡಬೇಕು. ಆ ದಿನದ ಮೀನು ಹಾಳು. ಗಂಡ ನಾಗ ಬೇರೆಯವರ ಬೋಟಿಗೆ ಹೋಗುವವನು, ಮಳೆಗಾಲದಲ್ಲಿ ಬೋಟು ದಡ ಸೇರಿದರೆ ಅವನೂ ಜಗುಲಿ ಸೇರುತ್ತಾನೆ. ಹಾಗಾಗಿ ಎಷ್ಟೋ ಸಲ ಗಂಗಿಯ ಬಾಯಲ್ಲೂ ಅದೇ ಮಾತು ಬಂದಿದೆ: ನಾಳೆ ನೋಡುವ. ಹಾಗೆ ಹೇಳಿದ ದಿನ ಅವಳಿಗೆ ಅನ್ನ ಸೇರುವುದಿಲ್ಲ. ಮರುದಿನ ಪೇಟೆಯಲ್ಲಿ ಯಾರ ಮೇಲಾದರೂ ಹರಿಹಾಯುತ್ತಾಳೆ.

ಈ ಕಾಯಿಲೆಯೂ ಈಗ ಅಂಗವಿಕಲತೆಯ ಕಾನೂನಿನೊಳಗೆ ಬರುತ್ತದೆ, ಸರ್ಟಿಫಿಕೇಟ್ ಆದರೆ ತಿಂಗಳು ತಿಂಗಳು ಮಾಸಾಶನ ಬರುತ್ತದೆ ಎಂದು ಅವಳಿಗೆ ಹೇಳಿದವನು ವಿನೋದ. ಕುಮಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಜನರ ಅರ್ಜಿ ಬರೆದುಕೊಡುವವನು. ಗಂಗಿ ಆ ದುಡ್ಡಿನಲ್ಲಿ ಸೀರೆ ತೆಗೆಯುವ ಲೆಕ್ಕ ಹಾಕಲಿಲ್ಲ. ಮಂಡಿ ಊದಿದ ಗಳಿಗೆಯಲ್ಲೇ ರಿಕ್ಷಾದವನನ್ನು ಕರೆಯಬಹುದು, ಇನ್ನು "ನಾಳೆ" ಎನ್ನಬೇಕಾಗಿಲ್ಲ ಎಂದಷ್ಟೇ ಯೋಚಿಸಿದಳು. ಆ ಮಾಸಾಶನ ಅವಳಿಗೆ ಬೇಕಾದದ್ದು ಅಷ್ಟಕ್ಕೇ.

ತಪಾಸಣೆಯ ಕ್ಯಾಂಪು ಹೊನ್ನಾವರದಲ್ಲಿತ್ತು, ಕುಮಟೆಯವರೂ ಅಲ್ಲಿಗೇ ಬರಬೇಕೆಂದು ಹೇಳಿದ್ದರು. ಹಿಂದಿನ ದಿನ ಸಂಜಯನ ಮಂಡಿ ಸ್ವಲ್ಪ ಊದಿತ್ತು. ನಾಲ್ಕು ಜನರ ಮುಂದೆ ಮಗ ಕುಂಟುತ್ತ ಹೋಗುವುದು ಬೇಡ, ನೋವಿಲ್ಲದೆ ಹೋಗಿ ಬರಲಿ ಎಂದು ಗಂಗಿ ಪೆಟ್ಟಿಗೆಯಲ್ಲಿದ್ದ ಐಸನ್ನೆಲ್ಲ ಸುರಿದು ಮಂಡಿಗೆ ಒತ್ತುತ್ತ ಕೂತಳು. ಮನೆಯಲ್ಲಿ ಬೆಲ್ಲವಿಲ್ಲದಿದ್ದರೂ ಐಸ್ ಇರುವ ಜಾತಿ ನಮ್ಮದು ಎಂದು ನಗಾಡಿದಳು ಕೂಡ. ಬೆಳಿಗ್ಗೆ ಊತ ಇಳಿದಿತ್ತು. ಒಗೆದ ಪ್ಯಾಂಟು ಹಾಕಿ ಸಂಜಯ ಅವಳ ಜೊತೆ ಚಂದವಾಗಿ ನಡೆದ.

ಕ್ಯಾಂಪು ಇದ್ದದ್ದು ಮಾಳಿಗೆಯ ಮೇಲೆ. ಕಾಲಿಲ್ಲದವರನ್ನು, ಕಣ್ಣಿಲ್ಲದವರನ್ನು ಪರೀಕ್ಷೆ ಮಾಡಲು ಮಾಳಿಗೆಯನ್ನೇ ಹುಡುಕಿ ಗೊತ್ತುಮಾಡಿದ ಪುಣ್ಯಾತ್ಮ ಯಾರೋ, ಅವನ ಕಾಲು ಗಟ್ಟಿಯಾಗಿಯೇ ಇರಬೇಕು. ಸಂಜಯ ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. ಡಾಕ್ಟರು ಕುರ್ಚಿಯಲ್ಲಿ ಕೂತೇ ಅವನ ಮಂಡಿಯ ಕಡೆ ನೋಡಿದರು.

"ಮೆಟ್ಟಿಲು ಹತ್ತಿ ಬಂದಿದ್ದಾನಲ್ಲ. ಊತವೂ ಇಲ್ಲ. ಮುಂದಿನವರು ಬನ್ನಿ."

ಕಾಗದದಲ್ಲಿ ಬರೆದ ಶೇಕಡಾ ಮಾಸಾಶನಕ್ಕೆ ಸಾಲಲಿಲ್ಲ. ಆ ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಸಂಜಯ ಒಂದು ವಾರ ಮಲಗಿದ. ಅದು ಯಾವ ಕಾಗದದಲ್ಲೂ ಬರಲಿಲ್ಲ.

ವಿನೋದ ಕಾಗದ ನೋಡಿ ಹಣೆ ಚಚ್ಚಿಕೊಂಡ. "ಎಂತ ಗಂಗಕ್ಕ, ಕಾಲು ಚಂದ ಮಾಡಿ ಕರ್ಕಂಡು ಹೋದ್ರೆ ಯಾರು ಬರ್ದು ಕೊಡ್ತ್ರು? ಮುಂದಿನ ಕ್ಯಾಂಪಿಗೆ ಮತ್ತೆ ಅರ್ಜಿ ಹಾಕ್ತೆ. ಅವಾಗ ಐಸ್ ಗೀಸ್ ಇಡ್ಬೇಡ. ಊದಿದ್ದು ಊದಿದ ಹಾಂಗೇ ಕಾಣ್ಲಿ."

"ಊದ್ಲಿಲ್ಲ ಅಂದ್ರೆ?"

"ಊದೂ ಹಾಂಗೆ ಎಂತಾದ್ರೂ ಮಾಡು. ಎರಡು ದಿನದ ಮಾತಲ್ದಾ?"

"ನಿನ್ನ ಮಗಳ ಕೈ ಮುರ್ದು ಕರ್ಕಂಡು ಹೋಗು ನೀನು" ಎಂದಳು ಗಂಗಿ. "ದುಡ್ಡು ಬತ್ತದೆ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಿನೋದ ಕೆಟ್ಟವನಲ್ಲ. ಲೋಕ ಹೇಗೆ ನಡೆಯುತ್ತದೋ ಹಾಗೆ ಹೇಳಿದ. ಅದಕ್ಕೇ ಗಂಗಿಗೆ ಅಷ್ಟು ಉರಿದದ್ದು. ಮಗನ ನೋವು ಇಳಿಸಿದ ತಾಯಿಗೆ ಏನೂ ಇಲ್ಲ, ಏರಿಸಿ ತಂದವಳಿಗೆ ಮಾಸಾಶನ. ಮನೆಗೆ ಬಂದು ಅವಳು ಪಾತ್ರೆ ಕುಕ್ಕುತ್ತ ಇದನ್ನೇ ಮತ್ತೆ ಮತ್ತೆ ಹೇಳಿದಳು, ವಿನೋದನಿಗೂ ಡಾಕ್ಟರಿಗೂ ಮಾಳಿಗೆ ಕಟ್ಟಿಸಿದವನಿಗೂ ಸೇರಿಸಿ ಬೈದಳು. ಜಗುಲಿಯಲ್ಲಿ ಸಂಜಯ ಪುಸ್ತಕ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡ.

ಎರಡನೆಯ ಕ್ಯಾಂಪಿನ ತಾರೀಕು ಬಂತು. ಅದಕ್ಕೆ ಎರಡು ದಿನ ಮೊದಲು ಬಾಡದ ಕಡಲತಡಿಯಲ್ಲಿ ರಂಪಣಿ ಬಲೆ ಬಿಟ್ಟರು.

ರಂಪಣಿ ಎಂದರೆ ದೋಣಿಯಲ್ಲಿ ಹೋಗಿ ಕಡಲಲ್ಲಿ ಅರ್ಧಚಂದ್ರದಂತೆ ಬಲೆ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯುವುದು. ಬೋಟುಗಳು ಬಂದ ಮೇಲೆ ಇದು ಅಪರೂಪ. ಬಲೆಯ ಯಜಮಾನನನ್ನು ತಾಂಡೇಲ ಎನ್ನುತ್ತಾರೆ. ಬಾಡದ ಈ ಬಲೆಗೆ ದಾಸ ತಾಂಡೇಲ. ಅವನ ಬಲೆಯಲ್ಲಿ ಅಜ್ಜನ ಕಾಲದಿಂದ ಬಂದ ಎರಡು ಕಟ್ಟಳೆಗಳಿವೆ. ಹಗ್ಗಕ್ಕೆ ಕೈ ಹಚ್ಚಿದ ಎಲ್ಲರಿಗೂ ಮೀನಿನ ಪಾಲು ಉಂಟು, ದಾರಿಯಲ್ಲಿ ಹೋಗುವವನು ಬಂದು ಹಿಡಿದರೂ ಉಂಟು. ಎಷ್ಟು ಬಲ ಹಾಕಿದೆ ಎಂದು ಯಾರೂ ಕೇಳುವುದಿಲ್ಲ. ಎರಡನೆಯದು, ಮರಳಿನ ಮೇಲೆ ಕೊನೆಯವನ ಪಾಲು ಬೀಳುವ ತನಕ ಯಾರೂ ತಮ್ಮ ಬುಟ್ಟಿ ಎತ್ತಬಾರದು. ಅವಸರದಲ್ಲಿ ಎತ್ತಿದವರಿಗೆ ದಾಸ ಎಲ್ಲರ ಎದುರೇ ಮರ್ಯಾದೆ ತೆಗೆಯುತ್ತಾನೆ.

ಗಂಗಿ ಅವತ್ತು ಮೀನು ಕೊಳ್ಳಲು ಬುಟ್ಟಿ ಹಿಡಿದು ದಡದಲ್ಲಿ ನಿಂತಿದ್ದಳು. ಹಗ್ಗ ಎಳೆಯುವವರ ಸಾಲಿನಲ್ಲಿ ಒಂದು ನೀಲಿ ಅಂಗಿ ಕಂಡಿತು. ಹಿಂದಿನ ದಿನ ಅವಳೇ ಒಗೆದು ಹಾಕಿದ ಅಂಗಿ. ಸಂಜಯ ಕಾಲು ಅಗಲಿಸಿ, ಹಿಮ್ಮಡಿ ಮರಳಿಗೆ ಊರಿ, ಎಲ್ಲರ ಜೊತೆ ಕೂಗುತ್ತ ಹಗ್ಗ ಎಳೆಯುತ್ತಿದ್ದ. ಹುಟ್ಟಿದಾಗಿನಿಂದ ಮಗುಚಿಟ್ಟ ದೋಣಿಯ ಮೇಲೆ ಕೂತು ನೋಡಿದ್ದ ಹುಡುಗ. ಅವನ ಮುಖದಲ್ಲಿ ಹಿಂದೆಂದೂ ಕಾಣದ ಒಂದು ಖುಷಿ ಇತ್ತು. ಅದನ್ನು ನೋಡಿ ಗಂಗಿಯ ಸಿಟ್ಟು ಇಮ್ಮಡಿಯಾಯಿತು.

ಬುಟ್ಟಿ ಅಲ್ಲೇ ಬಿಸಾಡಿ ಓಡಿದಳು. ಅವನ ರಟ್ಟೆ ಹಿಡಿದು ಎಳೆದಳು.

"ಎಂತ ಮಾಡ್ತೆ ಇದು? ಎಂತ ಮಾಡ್ತೆ ನೀನು?"

"ಬಿಡು ಆಯಿ. ಊದ್ಲಿ" ಎಂದ ಸಂಜಯ, ಏದುಸಿರು ಬಿಡುತ್ತ. "ನಾಡಿದ್ದು ಕ್ಯಾಂಪು. ಅವ್ರಿಗೆ ಊದಿದ್ದೇ ಬೇಕಲ್ದಾ? ನೀ ಎಂತೂ ಮಾಡೂದಿಲ್ಲ. ನಾನೇ ಮಾಡ್ಕಂತೆ."

ಗಂಗಿ ಅವನ ಕೆನ್ನೆಗೆ ಹೊಡೆಯಲು ಕೈ ಎತ್ತಿದಳು. ಹೊಡೆದರೆ ಅಲ್ಲೂ ರಕ್ತ ತುಂಬುತ್ತದೆ. ಆ ಕೈಯಿಂದ ತನ್ನ ಹಣೆಗೇ ಬಡಿದುಕೊಂಡಳು. ತಾಯಿಗೆ ಮಗನನ್ನು ಹೊಡೆಯುವ ಸ್ವಾತಂತ್ರ್ಯವನ್ನೂ ಈ ಕಾಯಿಲೆ ಉಳಿಸಿಲ್ಲ.

ಬಲೆ ದಡಕ್ಕೆ ಬಂತು, ತಾರ್ಲೆ ಮೀನು ಸಾಕಷ್ಟಿತ್ತು. ದಾಸ ಮರಳಿನ ಮೇಲೆ ರಾಶಿ ಮಾಡುತ್ತ ಬಂದ. ಎಲ್ಲರ ಬುಟ್ಟಿಗಳೂ ಸಾಲಾಗಿ ಕಾದವು. ಕೊನೆಯ ರಾಶಿಯನ್ನು ಅವನು ಸಂಜಯನ ಕಾಲ ಹತ್ತಿರ ಹಾಕಿದ.

"ಇದೆಂತ ದಾಸಣ್ಣ?" ಎಂದು ಗಂಗಿ ಅವನ ಮೇಲೂ ಹರಿಹಾಯ್ದಳು. "ಮಾರು ಹಗ್ಗವೂ ಎಳೀಲಿಲ್ಲ ಅಂವ. ನಂಗೆ ನಿನ್ನ ಧರ್ಮ ಬೇಡ."

ದಾಸ ಮುಖ ಗಂಟಿಕ್ಕಿದ. "ಧರ್ಮ ಕೊಡೂಕೆ ನಾ ಎಂತ ಸಾಹುಕಾರ್ನ? ಹಗ್ಗ ಹಿಡ್ದ, ಪಾಲು ಬಿತ್ತು. ತಕಂಡು ಹೋಗು, ಸುಮ್ನೆ ಗಲಾಟೆ ಮಾಡ್ಬೇಡ."

ಎಲ್ಲರೂ ಬುಟ್ಟಿ ಎತ್ತಿದರು. ಗಂಗಿಯೂ ಎತ್ತಿದಳು. ಕೈ ಮುಗಿಯಲಿಲ್ಲ, ಅವನೂ ಅದನ್ನು ಕಾಯಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಸಂಜಯನಿಗೆ ಹೆಜ್ಜೆ ಇಡಲಾಗಲಿಲ್ಲ. ಮಂಡಿ ಕಣ್ಣೆದುರೇ ತುಂಬಿಕೊಳ್ಳುತ್ತಿತ್ತು. ಗಂಗಿ ಐಸಿನ ಕವರು ಬಿಚ್ಚಿದರೆ ಅವನು ಅವಳ ಕೈ ಹಿಡಿದ.

"ಇಡ್ಬೇಡ ಆಯಿ. ಎರಡು ದಿನ ತಡ್ಕಂತೆ. ಆದದ್ದು ಆತು, ದುಡ್ಡಾದ್ರೂ ಬರ್ಲಿ."

"ಹುಡ್ಗ ಸರಿಯಾಗೇ ಹೇಳ್ತ" ಎಂದಳು ದುರ್ಗಿ ಬಾಗಿಲಲ್ಲಿ ನಿಂತು. ನಾಗ ಮಗನ ಮಂಡಿಯನ್ನೂ ಹೆಂಡತಿಯ ಮುಖವನ್ನೂ ನೋಡಿ, "ನಾಡಿದ್ದಿಗೆಂತ, ಈಗ ಬಂತು. ಅಲ್ಲಿ ತನ್ಕ ನೋಡುವ" ಎಂದ.

ನೋಡುವ. ಗಂಗಿಗೆ ಮಾವಳ್ಳಿಯ ಜಗುಲಿ ನೆನಪಾಯಿತು, ತಮ್ಮನ ಬಾಯಿಗೆ ಒತ್ತಿದ ಹತ್ತಿ ನೆನಪಾಯಿತು. ಕಾಸಿಲ್ಲದೆ ಕಾದ ತಾಯಿಯನ್ನು ಅವಳು ಮೂವತ್ತು ವರ್ಷ ಮನಸ್ಸಿನಲ್ಲೇ ಬೈದಿದ್ದಳು. ಈಗ ಕಾಸಿಗಾಗಿ ಕಾಯಬೇಕು ಎನ್ನುತ್ತಿದೆ ಮನೆಯೆಲ್ಲ.

"ಕಾಯೂದಿಲ್ಲ" ಎಂದಳು. "ಮಾಸಾಶನಕ್ಕೆ ಬೆಂಕಿ ಬೀಳ್ಲಿ. ಮಗನ ಕಾಲು ಮಾರೂಕೆ ನಾ ಪೇಟೆಯಲ್ಲಿ ಕುಂತವ್ಳಲ್ಲ."

ಸಂಜಯ ಬೇಡ ಬೇಡ ಎನ್ನುತ್ತಿದ್ದಂತೆಯೇ ಮಂಡಿಗೆ ಐಸ್ ಕಟ್ಟಿದಳು. ದಾಸ ಹಾಕಿದ ಪಾಲಿನ ತಾರ್ಲೆಯನ್ನು ರಸ್ತೆಯ ಬದಿಯಲ್ಲೇ, ಬಂದ ದರಕ್ಕೆ ಮಾರಿದಳು, ಒಳಗೆ ಡಬ್ಬಿಯಲ್ಲಿದ್ದದ್ದನ್ನೂ ಅದಕ್ಕೆ ಸೇರಿಸಿದಳು. ಸಂಜೆಯೊಳಗೆ ಕಾರು ಮಾಡಿ ಹುಡುಗನನ್ನು ದೊಡ್ಡಾಸ್ಪತ್ರೆಗೆ ಮುಟ್ಟಿಸಿದಳು. ಮದ್ದು ಇತ್ತು, ಚುಚ್ಚಿದರು. ಮರುದಿನಕ್ಕೆ ಊತ ಇಳಿಯಿತು. ಸಂಜಯ ಗೋಡೆಯ ಕಡೆ ತಿರುಗಿ ಮಲಗಿದವನು ತಾಯಿಯ ಮುಖ ನೋಡಲಿಲ್ಲ.

ಕ್ಯಾಂಪಿನ ದಿನ ಗಂಗಿ ಅವನನ್ನು ಎಬ್ಬಿಸಿ ಹೊರಡಿಸಿದಳು. ಊತವಿಲ್ಲದ ಕಾಲು ಕಟ್ಟಿಕೊಂಡು ಎಂತಕ್ಕೆ ಹೋಗುವುದು ಎಂದು ಅವನು ಕೇಳಿದರೂ ಬಿಡಲಿಲ್ಲ. ವಾಪಸು ಬರುವಾಗ ಮೀನು ಕೊಳ್ಳುವ ಎಂದು ಖಾಲಿ ಬುಟ್ಟಿಯನ್ನೂ ಹಿಡಿದಳು.

ಹೊನ್ನಾವರದಲ್ಲಿ ಅದೇ ಕಟ್ಟಡ, ಅದೇ ಮಾಳಿಗೆ. ಪೋಲಿಯೋದಿಂದ ಕಾಲು ಸತ್ತ ಒಬ್ಬ ಗಂಡಸು ಎರಡೂ ಕೈಯಲ್ಲಿ ಚಪ್ಪಲಿ ತೊಟ್ಟು ಮೆಟ್ಟಿಲಿನ ಮೇಲೆ ತನ್ನ ಮೈಯನ್ನು ಎಳೆದುಕೊಳ್ಳುತ್ತಿದ್ದ. ಅವನ ಹಿಂದೆ ಒಬ್ಬ ಮುದುಕಿ, ಮತ್ತೆ ಹತ್ತಾರು ಜನ. ಗಂಗಿ ಇದನ್ನು ಕಣ್ಣು ಬಿಟ್ಟು ನೋಡಿದಳು. ಮತ್ತೆ ಬುಟ್ಟಿಯನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು, ಮಗನನ್ನು ಪಕ್ಕದಲ್ಲಿ ಕೂರಿಸಿ, ತಾನೂ ಕೂತುಬಿಟ್ಟಳು. ಇನ್ನು ಅವಳನ್ನು ದಾಟದೆ ಯಾರೂ ಹತ್ತುವ ಹಾಗಿಲ್ಲ, ಇಳಿಯುವ ಹಾಗಿಲ್ಲ.

ಹೆಸರು ಕೂಗಿದರು. ಅವಳು ಏಳಲಿಲ್ಲ. ಜವಾನ ರವೀಂದ್ರ ಇಳಿದು ಬಂದ.

"ಸಂಜಯ ನಾಗ ಅಂದ್ರೆ ಇವ್ನೇ ಅಲ್ದಾ? ಮೇಲೆ ಕರ್ಕಂಡು ಬಾ."

"ನಾ ಹತ್ತಿಸೂದಿಲ್ಲ. ಅವ್ರಿಗೇ ಇಳೂಕೆ ಹೇಳು."

"ತಲೆ ಸಮ ಅದ್ಯಾ ನಿಂಗೆ? ಡಾಕ್ಟ್ರು ಇಳೀತ್ರಾ?"

"ಹೊಟ್ಟೆ ಹಸಿದ್ರೆ ಇಳೀತ್ರು."

ಸಾಲಿನಲ್ಲಿದ್ದವರು ಮೊದಲು ಗೊಣಗಿದರು. ಮುದುಕಿ ಒಬ್ಬಳೇ ಕೋಲು ಬದಿಗಿಟ್ಟು ಗಂಗಿಯ ಪಕ್ಕದಲ್ಲಿ ಕೂತಳು. ಹತ್ತಿ ಹತ್ತಿ ಸಾಕಾಗಿದೆ ಮಗಾ ಎಂದಳು. ಆಮೇಲೆ ಕಣ್ಣು ಕಾಣದ ಒಬ್ಬರು ಕೂತರು. ಬಿಸಿಲು ಏರಿದ ಹಾಗೆ ಕೆಳಗಿನ ಸಾಲು ಬೆಳೆಯಿತು, ಮೇಲಿನ ಕುರ್ಚಿಗಳು ಖಾಲಿಯಾದವು. ರವೀಂದ್ರ ಎರಡು ಸಲ ಬಂದು ಪೊಲೀಸರ ಹೆಸರು ಹೇಳಿ ಹೋದ. ಬುಟ್ಟಿಯ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಹೇಳಿದ ಮಾತಿಗೆ ಗಂಗಿ ಹೆದರಲಿಲ್ಲ.

ಮಧ್ಯಾಹ್ನ ಡಾಕ್ಟರು ಊಟಕ್ಕೆ ಇಳಿದರು. ಮೊದಲ ಸಲ ನೋಡಿದವರೇ.

"ಏನಮ್ಮ ಇದು? ದಾರಿ ಬಿಡಿ."

"ಇವ್ನ ಕಾಲು ನೋಡಿ ಹೋಗಿ, ಬಿಡ್ತೆ."

"ಮೇಲೆ ಬಂದಿದ್ದರೆ ಆಗಲೇ ಮುಗೀತಿತ್ತಲ್ಲ."

"ಹೋದ ಸಲ ಬಂದ ಸಾಹೇಬ್ರೆ. ಹತ್ತಿ ಬಂದ ಅಂತ್ಲೇ ನೀವು ಕಾಲು ಸಮ ಅದೆ ಅಂದ್ರಿ. ಹತ್ತಿದ್ದಕ್ಕೆ ಒಂದು ವಾರ ಮಲಗ್ದ. ಮೊನ್ನೆ ನಿಮ್ಗೆ ತೋರ್ಸೂಕೆ ಬೇಕು ಬೇಕು ಅಂತ್ಲೇ ಮಂಡಿ ಊದಿಸ್ಕಂಡ. ನಾ ಇಳಿಸಿ ಕರ್ಕಂಡು ಬಂದೆ. ಮಗನ್ನ ಕೊಂದು ತೋರ್ಸಿದ್ರೇ ನಿಮ್ಮ ಪೆನ್ನು ನಡೀತದೆ ಅಂದ್ರೆ ಹಾಂಗೇ ಹೇಳಿ, ಇಲ್ಲೇ ಹೇಳಿ, ಇವ್ರೆಲ್ಲ ಕೇಳ್ಲಿ."

ಡಾಕ್ಟರು ವಾಚು ನೋಡಿದರು, ಸುತ್ತ ಕೂತವರನ್ನು ನೋಡಿದರು. ಮತ್ತೆ ಮೆಟ್ಟಿಲ ಮೇಲೇ ಕುಕ್ಕರಗಾಲಲ್ಲಿ ಕೂತು ಸಂಜಯನ ಪ್ಯಾಂಟು ಮೇಲೆ ಸರಿಸಿದರು. ಮಡಚು ಎಂದರು. ಕಾಲು ಅರ್ಧಕ್ಕೇ ನಿಂತಿತು.

"ಪೂರ್ತಿ ಮಡಚು."

"ಇಷ್ಟೇ ಸಾರ್."

ಅವರೇ ಹಿಮ್ಮಡಿ ಹಿಡಿದು ಮೆಲ್ಲಗೆ ಒತ್ತಿ ನೋಡಿದರು, ಆಗಲಿಲ್ಲ. ಇನ್ನೊಂದು ಮಂಡಿಯನ್ನೂ ನೋಡಿದರು. ಊತ ಇಳಿದ ಮೇಲೂ ಕೀಲು ಕೆಟ್ಟೇ ಇತ್ತು, ಎಷ್ಟೋ "ನಾಳೆ"ಗಳು ಅದರಲ್ಲಿ ಕೂತುಬಿಟ್ಟಿದ್ದವು.

"ಇದನ್ನು ಮೊದಲ ಸಲವೇ ಯಾಕೆ ಹೇಳಲಿಲ್ಲ?"

"ಮೊದಲ ಸಲ ನೀವು ಕುರ್ಚಿಯಿಂದ ಎದ್ದಿರ್ಲಿಲ್ಲ" ಎಂದಳು ಗಂಗಿ.

ಡಾಕ್ಟರು ರವೀಂದ್ರನಿಂದ ಕಾಗದ ತರಿಸಿ, ಮೊಣಕಾಲ ಮೇಲಿಟ್ಟು ಬರೆದರು. ಈ ಸಲ ಬರೆದದ್ದು ಮಾಸಾಶನಕ್ಕೆ ಸಾಕಾಗುವಷ್ಟಿತ್ತು. ಅದು ಇನ್ನೂ ನಾಲ್ಕು ಮೇಜು ದಾಟಿ ಹೋಗಬೇಕು, ದುಡ್ಡು ಬರುವಾಗ ಮಳೆಗಾಲವೇ ಬಂದೀತು, ಅದು ಬೇರೆ ಮಾತು. ಸಂಜಯ ಕಾಗದವನ್ನು ಓದಿ ತಾಯಿಯ ಮುಖ ನೋಡಿದ. ಎರಡು ದಿನದ ಮೇಲೆ ಮೊದಲ ಸಲ ನೋಡಿದ.

"ಆತಲ್ಲ" ಎಂದ ರವೀಂದ್ರ. "ಸಾಹೇಬ್ರು ಊಟ ಬಿಟ್ಟು ಮಾಡ್ಕೊಟ್ರು. ಕೈ ಮುಗಿ ಅವ್ರಿಗೆ."

"ಎಂತಕ್ಕೆ?" ಎಂದಳು ಗಂಗಿ. "ಹಗ್ಗ ಹಿಡ್ದವ್ರಿಗೆ ಪಾಲು ಬಿತ್ತು. ನಮ್ಮ ತಡಿಯಲ್ಲಿ ಅದಕ್ಕೆ ಯಾರೂ ಕೈ ಮುಗೂದಿಲ್ಲ."

"ಹೌದು ಮಾರಾಯ್ತಿ. ಬುಟ್ಟಿ ಎತ್ತು ಇನ್ನಾದ್ರೂ, ಅವ್ರು ಊಟಕ್ಕೆ ಹೋಗ್ಲಿ."

ಗಂಗಿ ಕೆಳಗೆ ಕೂತವರ ಸಾಲನ್ನು ತುದಿಯ ತನಕ ನೋಡಿದಳು. ಪಕ್ಕದ ಮುದುಕಿ ಆಗಲೇ ಸೆರಗಿನಿಂದ ತನ್ನ ಕಾಗದ ತೆಗೆದು ಹಿಡಿದಿದ್ದಳು.

"ಪಾಲು ಹಾಕಿ ಮುಗೀಲಿಲ್ಲ" ಎಂದಳು ಗಂಗಿ, ಮತ್ತು ಬುಟ್ಟಿಯನ್ನು ಇದ್ದಲ್ಲೇ ಬಿಟ್ಟಳು.